ಗದಗಿನ ಗೆಳೆಯನಿಗೆ, ಹೊರಡುವ ಮುಂಚೆ

ಪ್ರೀತಿಯ ಗದಗ,

ಹೀಗೇ ಕರೆಯುತ್ತೇನೆ. ನಾಲ್ಕು ವರ್ಷ ನಿನ್ನನ್ನು ಹೆಸರು ಹಿಡಿದು ಕರೆದವರು ಹಾಜರಿ ತೆಗೆದುಕೊಳ್ಳುವ ಮೇಷ್ಟ್ರು ಮಾತ್ರ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಹಾಸ್ಟೆಲ್ಲಿನಲ್ಲಿ ನೀನು ಗದಗ, ಎದುರು ರೂಮಿನವನು ಬೀದರ್, ಮೂಲೆ ರೂಮಿನವನು ಕೋಲಾರ. ನಾನು ಇದೇ ಕೊಡಗು ಜಿಲ್ಲೆಯವನು ಅಂತ ನನಗೆ ಊರಿನ ಹೆಸರೂ ಸಿಗಲಿಲ್ಲ, ಬರೀ 'ಲೋಕಲ್'. ಇನ್ನು ಐದು ದಿನಕ್ಕೆ ಆ ಹೆಸರು ನನಗೆ ಸಲ್ಲುವುದಿಲ್ಲ.

ಎರಡು ವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ನಿನ್ನ ಕೋಪ ಸರಿಯಾಗಿಯೇ ಇದೆ. ಧಾರವಾಡದಲ್ಲಿ ಒಂದೇ ರೂಮು ಮಾಡೋಣ, ಆರ್‌ಎಫ್‌ಓ ಅಂದರೆ ವಲಯ ಅರಣ್ಯಾಧಿಕಾರಿ ಪರೀಕ್ಷೆಗೆ ಒಟ್ಟಿಗೆ ಓದೋಣ ಅಂತ ಮಾತಾಗಿತ್ತು. ನೀನು ರೂಮು ನೋಡಿ ಅಡ್ವಾನ್ಸ್ ಕೂಡ ಕೊಟ್ಟೆ. ಆಮೇಲೆ ಒಂದು ದಿನ ಗ್ರೂಪಿನಲ್ಲಿ ಕೋಲಾರ ನನಗೆ ಅಭಿನಂದನೆ ಹಾಕಿದ. ನಾನು ಜರ್ಮನಿಗೆ ಹೋಗುತ್ತಿದ್ದೇನೆ ಅಂತ ನಿನಗೆ ಗೊತ್ತಾಗಿದ್ದು ಹಾಗೆ. ನನ್ನ ಬಾಯಿಂದ ಅಲ್ಲ. ಗ್ರೂಪಿನ ಎಲ್ಲರೂ ಅದನ್ನು ನೋಡಿದರು, ಅದಕ್ಕೇ ಈ ಪತ್ರವನ್ನೂ ಎಲ್ಲರೂ ನೋಡುವ ಹಾಗೇ ಬರೆಯುತ್ತಿದ್ದೇನೆ. ಮೊದಲು ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯಿತು ಮಾರಾಯ.

ಯಾಕೆ ಹೇಳಲಿಲ್ಲ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡೆ. ಗ್ಯೋಟಿಂಗನ್ ವಿಶ್ವವಿದ್ಯಾಲಯದಿಂದ ಅಡ್ಮಿಷನ್ ಪತ್ರ ಬಂದಾಗ ನಂಬಿಕೆಯೇ ಇರಲಿಲ್ಲ. ಅದರ ಹಿಂದೆ ಇನ್ನೂ ಎಷ್ಟೊಂದು ಬಾಗಿಲು ದಾಟುವುದಿತ್ತು. ನಮ್ಮ ಮಾರ್ಕ್ಸ್ ಕಾರ್ಡೆಲ್ಲ ಅಸಲಿಯೇ ಅಂತ ನೋಡುವ ಎಪಿಎಸ್ ಅನ್ನುವ ಸರ್ಟಿಫಿಕೇಟು ಬೇಕು, ಅದಿಲ್ಲದೆ ವೀಸಾ ಅರ್ಜಿಯೇ ಇಲ್ಲ. ಗ್ಯೋಟಿಂಗನ್‌ನಲ್ಲಿ ಬೋಧನಾ ಶುಲ್ಕ ಅಂತ ಇಲ್ಲ, ಅದೊಂದು ಪುಣ್ಯ. ಆದರೆ ಒಂದು ವರ್ಷದ ಊಟ ಬಾಡಿಗೆಯ ದುಡ್ಡು 11,904 ಯೂರೋ ಮೊದಲೇ ಒಂದು ಖಾತೆಗೆ ಹಾಕಿ ಬೀಗ ಹಾಕಬೇಕು. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ವಾಪಸ್ ಕೊಡುತ್ತಾರೆ. ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷದ ಆಸುಪಾಸು. ರೋಬಸ್ಟಾ ಕಾಫಿಗೆ ಒಳ್ಳೆ ರೇಟು ಬಂತು ಅಂತ ಅಪ್ಪ ಧೈರ್ಯ ಮಾಡಿದರು. ಉಳಿದದ್ದಕ್ಕೆ ಚಿಕ್ಕಪ್ಪ ಕೈ ಜೋಡಿಸಿದರು. ಎಲ್ಲಾದರೂ ಒಂದು ಕಡೆ ತಪ್ಪಿ ಹೋಗುತ್ತದೆ, ಆಮೇಲೆ ಧಾರವಾಡವೇ ಗತಿ, ಸುಮ್ನೆ ಯಾಕೆ ನಿನಗೆ ಹೇಳಿ ಮನಸ್ಸು ಕೆಡಿಸುವುದು ಅಂದುಕೊಂಡೆ. ಇದು ನಾನು ಎಲ್ಲರಿಗೂ ಕೊಟ್ಟ ಕಾರಣ.

ನಿಜ ಬೇರೆ. ನಿನಗೆ ಹೇಳಿಬಿಟ್ಟರೆ ಹೋಗುವುದು ಖಾತ್ರಿ ಆಗಿಬಿಡುತ್ತದೆ ಅಂತ ಹೆದರಿಕೆ ಇತ್ತು. ಬೇರೆ ಯಾರಿಗೆ ಹೇಳುವಾಗಲೂ ಆ ಹೆದರಿಕೆ ಬರಲಿಲ್ಲ.

ಈಗ ಮನೆಯಲ್ಲಿ ಬ್ಯಾಗು ಕಟ್ಟುವ ಕೆಲಸ ನಡೆದಿದೆ. ಒಂದು ಬ್ಯಾಗಿಗೆ 23 ಕೆಜಿ. ಅಪ್ಪ ಕಾಫಿ ಚೀಲ ತೂಗುವ ತಕ್ಕಡಿಯನ್ನು ಕಣದಿಂದ ಜಗುಲಿಗೆ ತಂದು ಇಟ್ಟಿದ್ದಾರೆ. ದಿನಕ್ಕೆ ಎರಡು ಸಲ ನನ್ನ ಸೂಟ್‌ಕೇಸು ಅದರ ಮೇಲೆ ಹತ್ತುತ್ತದೆ. ಅವ್ವ ಒಂದು ಹಾಕುತ್ತಾಳೆ, ಅಪ್ಪ ತೂಗಿ ಒಂದು ತೆಗೆಯುತ್ತಾರೆ. ಕಡುಬಿಗೆ ಅಂತ ಅಕ್ಕಿ ತರಿ ಎರಡು ಕೆಜಿ, ಕಾಳುಮೆಣಸು, ಏಲಕ್ಕಿ, ಒಂದು ಬಾಟಲಿ ಕಾಚಂಪುಳಿ, ನಮ್ಮ ಕಡೆಯ ಹುಳಿ ರಸ. ಆ ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಟೇಪು ಸುತ್ತಿ, ಅದರ ಮೇಲೆ ನನ್ನ ಹಳೇ ಸ್ವೆಟರ್ ಸುತ್ತಿದ್ದಾಳೆ. ಒಲೆಯ ಮೇಲೆ ಕಟ್ಟಿ ಒಣಗಿಸಿದ ಮಾಂಸ, ತುಪ್ಪ ಹಾಕಿದ ತಂಬಿಟ್ಟು ಒಯ್ಯುವ ಹಾಗಿಲ್ಲ, ಅಲ್ಲಿಗೆ ಮಾಂಸ, ಹಾಲಿನ ಪದಾರ್ಥ ಬಿಡುವುದಿಲ್ಲ ಅಂತ ಹೇಳಿದೆ. ಅವ್ವ ಏನೂ ಮಾತಾಡಲಿಲ್ಲ. ತಂಬಿಟ್ಟಿನ ಡಬ್ಬಿಯನ್ನು ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಆಗ ನನಗೆ ನಿನ್ನ ರೊಟ್ಟಿ ನೆನಪಾಯಿತು.

ನಿನಗೆ ಮರೆತಿರಬಹುದು. ನನಗೂ ಮರೆತೇ ಹೋಗಿತ್ತು. ನಮ್ಮ ಮೊದಲ ಮಳೆಗಾಲ. ನೀನು ರಜೆ ಮುಗಿಸಿ ರಾತ್ರಿಯಿಡೀ ಗೋಳಗುಮ್ಮಟ ರೈಲಿನಲ್ಲಿ ಕೂತು ಮೈಸೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಗೋಣಿಕೊಪ್ಪದಲ್ಲಿ ಇಳಿದಿದ್ದೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲವಲ್ಲ, ನಿನಗೆ ಅದೊಂದು ದೊಡ್ಡ ಆಶ್ಚರ್ಯ. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅದರೊಳಗೆ ನಿಮ್ಮ ಅವ್ವ ಬಡಿದ ಐವತ್ತು ಖಡಕ್ ಜೋಳದ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. "ತಿಂಗಳಗಟ್ಟಲೆ ಇರ್ತಾವ, ಏನೂ ಆಗಂಗಿಲ್ಲ" ಅಂದೆ. ಗದಗಿನ ಗಾಳಿಯಲ್ಲಿ ಏನೂ ಆಗುತ್ತಿರಲಿಲ್ಲ. ಇಲ್ಲಿ ಎಂಟು ದಿನ ಬಿಸಿಲು ಬರಲಿಲ್ಲ. ಗೋಡೆ ಬೆವರುತ್ತಿತ್ತು, ಬೆಲ್ಟಿನ ಮೇಲೆ ಬೂಷ್ಟು, ಪುಸ್ತಕದ ಹಾಳೆ ಒದ್ದೆ ಬಟ್ಟೆಯ ಹಾಗೆ. ಒಂಬತ್ತನೇ ದಿನ ನೀನು ಗಂಟು ಬಿಚ್ಚಿದರೆ ರೊಟ್ಟಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು, ಅಂಚಿಗೆಲ್ಲ ಹಸಿರು ಹಿಡಿದಿತ್ತು. ನೀನು ಒಂದೊಂದನ್ನೇ ಬಿಡಿಸುತ್ತಾ ಕೂತೆ. ಯಾವುದಾದರೂ ಉಳಿದಿದೆಯಾ ಅಂತ. ನಾನು ಮಂಚದ ಮೇಲೆ ಮಲಗಿದ್ದವನು ನಕ್ಕೆ. "ರೊಟ್ಟಿಗೆಲ್ಲ ಯಾಕೋ ಮುಖ ಸಣ್ಣ ಮಾಡ್ತೀಯಾ, ಮೆಸ್ಸಲ್ಲಿ ಊಟ ಇದೆಯಲ್ಲ" ಅಂದೆ.

ನೀನು ಗಂಟು ಎತ್ತಿಕೊಂಡು ಹೊರಗೆ ಹೋದೆ. ಮಳೆಯಲ್ಲೇ. ವಾಪಸ್ ಬಂದಾಗ ಕೈಯಲ್ಲಿ ತೊಳೆದ ಬಟ್ಟೆ ಮಾತ್ರ ಇತ್ತು. ಅದನ್ನು ಕಿಟಕಿಯ ಸರಳಿಗೆ ಒಣಗಲು ಹಾಕಿದೆ. ಅದು ಒಣಗಲು ಮತ್ತೆ ಒಂದು ವಾರ ಹಿಡಿಯಿತು.

ಅವ್ವನ ಮಡಿಲಲ್ಲಿ ತಂಬಿಟ್ಟಿನ ಡಬ್ಬಿ ನೋಡುವ ತನಕ ಆ ದಿನ ನಾನು ಏನು ಮಾಡಿದೆ ಅಂತ ನನಗೆ ತಿಳಿಯಲೇ ಇಲ್ಲ. ನಾನು ಆಗ ಮನೆ ಬಿಟ್ಟವನೇ ಅಲ್ಲ. ಭಾಗಮಂಡಲದಿಂದ ಪೊನ್ನಂಪೇಟೆ ಎಷ್ಟು ದೂರ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ. ಅದೇ ಮಳೆ, ಅದೇ ಅಕ್ಕಿ, ಅದೇ ಜಿಗಣೆ. ನೀನು ಮಾತ್ರ ಎಲ್ಲವನ್ನೂ ಬಿಟ್ಟು ಬಂದಿದ್ದೆ. ಮಾತಾಡಿದರೆ ನಿನ್ನ ಮಾತು ಕೇಳಿ ಕ್ಲಾಸಿನವರು ತಿರುಗಿ ನೋಡುತ್ತಿದ್ದರು. ಮೂರು ತಿಂಗಳಲ್ಲಿ ನೀನು 'ಐತಿ' ಬಿಟ್ಟು 'ಇದೆ' ಅನ್ನೋಕೆ ಶುರು ಮಾಡಿದೆ. ಅದನ್ನೂ ನಾನು ಗಮನಿಸಲಿಲ್ಲ. ನಿನಗೆ ಹೇಗಿದೆ ಇಲ್ಲಿ ಅಂತ ಒಂದು ಸಲವೂ ಕೇಳಲಿಲ್ಲ. ಲೋಕಲ್ ಆದವನು ನಾನು, ಕೇಳಬೇಕಾದವನು ನಾನೇ ಅಲ್ವಾ?

ಆದರೂ ನೀನು ಈ ಊರನ್ನು ನಿನ್ನದು ಮಾಡಿಕೊಂಡೆ. ನಮ್ಮ ಮನೆಗೆ ಮೊದಲ ಸಲ ಬಂದಾಗ ಅಪ್ಪ ಬೆಳಿಗ್ಗೆ ಎಂಟಕ್ಕೆ ಮಳೆ ಮಾಪಕ ನೋಡಿ ಡೈರಿಯಲ್ಲಿ ಬರೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಇಂಚು, ಇಂಚಿನ ನೂರನೇ ಪಾಲಾದ ಸೆಂಟು. "ನಮ್ಮ ಕಡೆ ವರ್ಷಕ್ಕ ಇಪ್ಪತ್ತೈದು ಇಂಚು ಬಂದ್ರ ಹಬ್ಬರೀ" ಅಂತ ನೀನು ಹೇಳಿದ್ದನ್ನು ಅಪ್ಪ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಇಲ್ಲಿ ಅಷ್ಟು ಮಳೆ ಜೋರು ಹಿಡಿದರೆ ಒಂದೇ ವಾರಕ್ಕೆ ಬಿದ್ದು ಹೋಗುತ್ತದೆ. ನೀನು ಸಸ್ಯಾಹಾರಿ ಅಂತ ಗೊತ್ತಾದ ದಿನವೇ ಅವ್ವ ನಿನಗೆ ಅಂತ ಒಂದು ಪಾತ್ರೆ ಬೇರೆ ಎತ್ತಿಟ್ಟಳು. ಕಣಿಲೆ, ಅಂದರೆ ಎಳೆ ಬಿದಿರಿನ ಪಲ್ಯ ಅದರಲ್ಲೇ. ನೀನು ಬರದ ತಿಂಗಳಲ್ಲೂ ಅದನ್ನು ಬೇರೆ ಯಾವುದಕ್ಕೂ ಬಳಸುವುದಿಲ್ಲ. ನಿಮ್ಮ ಮನೆಯಲ್ಲೂ ಅವ್ವ, ನಮ್ಮ ಮನೆಯಲ್ಲೂ ಅವ್ವ. ನಮ್ಮಿಬ್ಬರ ಮಾತಿನಲ್ಲಿ ಮೊದಲು ಒಂದಾದ ಪದ ಅದೇ.

ಆಟಿ ತಿಂಗಳ ಹದಿನೆಂಟರ ದಿನ, ಆಗಸ್ಟ್ 3, ಮದ್ದು ಸೊಪ್ಪಿನ ಪಾಯಸ ತಿನ್ನಿಸಿದ್ದೆವು. ಆ ನೇರಳೆ ಬಣ್ಣ ನೋಡಿ ಯಾವ ಬಣ್ಣ ಹಾಕಿದ್ದೀರಿ ಅಂತ ಕೇಳಿದೆ. ಸೊಪ್ಪು ಬೇಯಿಸಿದ ನೀರಿನ ಬಣ್ಣವೇ ಅದು, ಹದಿನೆಂಟು ಬಗೆಯ ಮದ್ದು ಆ ದಿನ ಅದರಲ್ಲಿ ಸೇರುತ್ತದೆ ಅಂತ ಅಜ್ಜಿ ಹೇಳಿದರು. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಬೆಳಿಗ್ಗೆ ನಿನ್ನ ಮುಖ ಬಿಳಿಚಿಕೊಂಡಿತ್ತು. ವಿಷಯ ತಿಳಿದ ಮೇಲೆ ನೀನು ಮಾಡಿದ ಮೊದಲ ಕೆಲಸ, ಅಜ್ಜಿಯ ಜತೆ ತೋಟದ ಅಂಚಿಗೆ ಹೋಗಿ ಆ ಗಿಡ ನೋಡಿದ್ದು. ಜಸ್ಟೀಸಿಯಾ ವೈನಾಡೆನ್ಸಿಸ್ ಅಂತ ನೋಟ್ ಪುಸ್ತಕದಲ್ಲಿ ಬರೆದು ಒಂದು ಎಲೆ ಒತ್ತಿಟ್ಟೆ. ಸುಗ್ಗಿ ಹಬ್ಬ ಹುತ್ತರಿಗೆ ಎಲೆಗಳ ಕಟ್ಟು, ಅಂದರೆ ನೆರೆ ಕಟ್ಟುವಾಗಲೂ ಹಾಗೇ. ಅಜ್ಜಿ ಮಾವಿನೆಲೆ, ಅಶ್ವತ್ಥದ ಎಲೆ ಒಂದೊಂದಾಗಿ ಜೋಡಿಸುತ್ತಿದ್ದರೆ ನೀನು ಮ್ಯಾಂಜಿಫೆರಾ ಇಂಡಿಕಾ, ಫೈಕಸ್ ರಿಲಿಜಿಯೋಸಾ ಅಂತ ಪಕ್ಕದಲ್ಲಿ ಹೇಳುತ್ತಾ ಹೋದೆ. ಏನೋ ಮಂತ್ರ ಹೇಳ್ತಾನೆ ಹುಡುಗ ಅಂತ ಅಜ್ಜಿಗೆ ಸಂತೋಷ. ಬೆಳದಿಂಗಳಲ್ಲಿ ಗದ್ದೆಗಿಳಿದು ಕದಿರು ತೆಗೆದಾಗ "ಪೊಲಿ ಪೊಲಿ ದೇವಾ" ಅಂತ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ನಿನ್ನ ಗಂಟಲು. ಈ ಸಲದ ಹುತ್ತರಿಗೆ ನಾನಿಲ್ಲ. ಅದಕ್ಕೂ ಮುಂಚೆ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವಕ್ಕೂ ಇಲ್ಲ. ಹುಟ್ಟಿದ ಮೇಲೆ ಮೊದಲ ಸಲ. ಹುತ್ತರಿಗೆ ನೀನು ಬರಬೇಕು ಅಂತ ಅವ್ವ ಹೇಳಿ ಕಳಿಸಿದ್ದಾಳೆ. ನಾನಿಲ್ಲ ಅಂತ ನೀನು ಬರದೆ ಇರಬೇಡ.

ಅಲ್ಲಿಗೆ ಯಾಕೆ ಹೋಗುತ್ತಿದ್ದೇನೆ ಅಂತಲೂ ನಿನಗೆ ನಾನೇ ಹೇಳಬೇಕು. ಮೊದಲ ವರ್ಷದ ಅರಣ್ಯ ಚರಿತ್ರೆಯ ಪಾಠ ನೆನಪಿದೆಯಲ್ಲ, ಬ್ರಾಂಡಿಸ್. 1864ರಲ್ಲಿ ನಮ್ಮ ದೇಶದ ಮೊದಲ ಅರಣ್ಯ ಮಹಾನಿರೀಕ್ಷಕ ಆದ ಜರ್ಮನ್. ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದ್ದೆವು. ಆತ ಓದಿದ ಊರುಗಳಲ್ಲಿ ಗ್ಯೋಟಿಂಗನ್ ಕೂಡ ಒಂದು. ಅಲ್ಲಿಂದ ಬಂದು ನಮ್ಮ ಕಡೆಯ ತೇಗ ಎಣಿಸಿದರು, ನಾವು ಹೋಗಿ ಅವರ ಮರ ನೋಡಿ ಬರೋಣ ಅಂತ ನೀನೇ ಆಗ ಹೇಳಿದ್ದು. ನೀನು ಮಾತಿಗೆ ಅಂದೆ. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು.

ಇನ್ನೊಂದು ಕಾರಣ 2018. ಆ ಆಗಸ್ಟಿನಲ್ಲಿ ನಾನು ಹೈಸ್ಕೂಲು. ಮಕ್ಕಂದೂರಿನ ಕಡೆ ಗುಡ್ಡ ಜಾರಿದಾಗ ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಮಳೆ ನಿಂತ ಮೇಲೆ ಅಪ್ಪನ ಜತೆ ಅವರ ತೋಟ ನೋಡಲು ಹೋದೆ. ಕಾಫಿ ಗಿಡ ನಿಂತಲ್ಲೇ ನಿಂತಿದ್ದವು, ಆದರೆ ನಿಂತ ಜಾಗ ಕೆಳಗೆ ಹೋಗಿ ಬಿದ್ದಿತ್ತು. ಮನೆ ಇದ್ದ ಕಡೆ ಕೆಂಪು ಮಣ್ಣು. ಆಮೇಲೆ ಓದುವಾಗ ಗೊತ್ತಾಯಿತು, ಅದೇ 2018ರಲ್ಲಿ ಜರ್ಮನಿಯಲ್ಲಿ ಮಳೆಯೇ ಇಲ್ಲದೆ ಬರ. ಗ್ಯೋಟಿಂಗನ್ ಹತ್ತಿರದ ಹಾರ್ಟ್ಸ್ ಬೆಟ್ಟಗಳಲ್ಲಿ ನೀರಿಲ್ಲದೆ ಸೊರಗಿದ ಸ್ಪ್ರೂಸ್ ಮರಗಳಿಗೆ ತೊಗಟೆ ಕೊರೆಯುವ ಹುಳ ಹತ್ತಿತು. ಮುಂದಿನ ವರ್ಷಗಳಲ್ಲಿ ಬೆಟ್ಟಕ್ಕೆ ಬೆಟ್ಟವೇ ಒಣಗಿ ಬೂದಿ ಬಣ್ಣಕ್ಕೆ ತಿರುಗಿತು. ಒಂದೇ ಜಾತಿಯ ಮರವನ್ನು ಸಾಲು ಸಾಲಾಗಿ ನೆಟ್ಟ ಕಡೆ ಪೆಟ್ಟು ಜಾಸ್ತಿ ಬಿದ್ದಿದೆ. ಈಗ ಅವರು ಬೇರೆ ಬೇರೆ ಮರ ಬೆರೆಸಿ ಕಾಡು ಕಟ್ಟುತ್ತಿದ್ದಾರೆ. ನಮ್ಮಲ್ಲಿ 1,200ಕ್ಕೂ ಹೆಚ್ಚು ದೇವರಕಾಡು ಇವೆ, ಒಂದೊಂದರಲ್ಲೂ ಎಷ್ಟು ಬಗೆಯ ಮರ ಅಂತ ನಾವೇ ಹಗ್ಗ ಹಿಡಿದು ಪ್ಲಾಟು ಹಾಕಿ ಎಣಿಸಿದ್ದೇವೆ. ಪಕ್ಕದ ತೋಟದಲ್ಲಿ ಹಳೇ ನೆರಳಿನ ಮರ ಕಡಿದು ಬರೀ ಸಿಲ್ವರ್ ಓಕ್ ನಿಲ್ಲಿಸುವುದನ್ನೂ ನೋಡಿದ್ದೇವೆ. ಹಾಳಾದ ಕಾಡನ್ನು ಅವರು ಮತ್ತೆ ಹೇಗೆ ಎಬ್ಬಿಸುತ್ತಾರೆ ಅಂತ ನನಗೆ ಹತ್ತಿರದಿಂದ ನೋಡಬೇಕು. ನೋಡಿ ಇಲ್ಲಿಗೇ ಬರಬೇಕು.

ಒಣಗಿದ ಮರ ನೋಡುವುದನ್ನು ಮಾತ್ರ ನಾನು ನಿನ್ನಿಂದಲೇ ಕಲಿತದ್ದು. ಮೂರನೇ ವರ್ಷದ ಏಪ್ರಿಲ್, ನಿಮ್ಮೂರಿಗೆ ಬಂದಿದ್ದೆ. ಕಪ್ಪತಗುಡ್ಡ ಹತ್ತಿದ್ದೆವು. ಸುತ್ತಲೂ ಒಂದೂ ಎಲೆ ಇಲ್ಲದ ಕೊಂಬೆಗಳು, ಕಲ್ಲು, ಬಿಸಿಲು. ವರ್ಷವಿಡೀ ಹಸಿರು ನೋಡಿದ ಕಣ್ಣು ನನ್ನದು. "ಎಲ್ಲ ಸತ್ತೇ ಹೋಗಿದೆಯಲ್ಲೋ" ಅಂದೆ. ನೀನು ನಿಂತೆ. ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಂಬೆ ಹಿಡಿದು ಉಗುರಿನಿಂದ ತೊಗಟೆಯನ್ನು ಮೆಲ್ಲಗೆ ಕೆರೆದೆ. ಬೂದು ಸಿಪ್ಪೆಯ ಕೆಳಗೆ ಒಂದು ಗೆರೆ ಹಸಿರು. ಒದ್ದೆ ಹಸಿರು. "ಜೀವ ಐತಿ" ಅಂದೆ. ಆಮೇಲೆ ಕೆರೆದ ಜಾಗದ ಮೇಲೆ ಬೆರಳು ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತೆ. ಆ ದಿನ ನೀನು 'ಇದೆ' ಅನ್ನಲಿಲ್ಲ. ನಿಮ್ಮ ಗುಡ್ಡದ ಮೇಲೆ ನಿನ್ನ ಮಾತು ವಾಪಸ್ ಬಂದಿತ್ತು.

ಕಳೆದ ಭಾನುವಾರ ನಾವೆಲ್ಲ ಕೊನೆಯ ಸಲ ಕುಂದ ಬೆಟ್ಟ ಹತ್ತಿದೆವು. ಬೀದರ್ ಬಂದಿದ್ದ, ಕೋಲಾರ ಬಂದಿದ್ದ, ಪುತ್ತೂರಿನವಳು ಮನೆಯಿಂದ ಹಲಸಿನ ಹಪ್ಪಳ ತಂದಿದ್ದಳು. ಮಂಜು ಕವಿದು ಕಾಲೇಜಿನ ಕಡೆ ಏನೂ ಕಾಣುತ್ತಿರಲಿಲ್ಲ. ಫೋಟೋ ತೆಗೆದೆವು. ಪ್ರತಿ ಸಲ ನೀನು ನಿಲ್ಲುತ್ತಿದ್ದ ಎಡದ ಕೊನೆಯ ಜಾಗ ಯಾರೂ ಹೇಳದೆ ಖಾಲಿ ಉಳಿಯಿತು. ಇಳಿಯುವಾಗ ಬೀದರ್ ನನ್ನ ಪಕ್ಕದಲ್ಲಿ ನಡೆಯುತ್ತಾ, "ಅಂವಗ ನೀ ಹೋಗೂದಕ್ಕ ಸಿಟ್ಟಿಲ್ಲ, ಹೇಳಲಿಲ್ಲಂತ ಸಿಟ್ಟು" ಅಂದ. ನನಗೂ ಗೊತ್ತು ಅಂದೆ. ಬೇರೆ ಮಾತು ಬರಲಿಲ್ಲ.

ರೂಮು ಖಾಲಿ ಮಾಡುವಾಗ ನಿನ್ನ ಟೇಪು ನನ್ನ ಬ್ಯಾಗಿನಲ್ಲಿ ಬಂದುಬಿಟ್ಟಿದೆ. ಮರದ ಸುತ್ತಳತೆ ತೆಗೆಯುವ ಆ ಬಟ್ಟೆ ಟೇಪು, ತುದಿಗೆ ನೀನು ಕೆಂಪು ದಾರ ಹೊಲಿದದ್ದು. ಮರವನ್ನು ಅಳೆಯುವುದು ಎದೆಮಟ್ಟದಲ್ಲಿ, ಎದೆಮಟ್ಟ ಅಂದರೆ ನೆಲದಿಂದ 1.37 ಮೀಟರ್ ಅಂತ ಮೇಷ್ಟ್ರು ಹೇಳಿದ ದಿನ ನೀನು ಮರಕ್ಕೆ ಒರಗಿ ನಿಂತೆ, ನಾನು ಅಳೆದೆ. ಸರಿಯಾಗಿ ನಿನ್ನ ಶರ್ಟಿನ ಎರಡನೇ ಗುಂಡಿಗೆ ಬಂತು. ಆಮೇಲೆ ನಾಲ್ಕು ವರ್ಷ ಯಾವ ಕಾಡಿಗೆ ಹೋದರೂ ನಮ್ಮ ತಂಡಕ್ಕೆ ಕೋಲು ಬೇಕಾಗಲಿಲ್ಲ, ನೀನು ಮರದ ಪಕ್ಕ ನಿಂತರೆ ಸಾಕಿತ್ತು. ಜರ್ಮನಿಯಲ್ಲಿ ಎದೆಮಟ್ಟ 1.3 ಮೀಟರ್. ಏಳು ಸೆಂಟಿಮೀಟರ್ ಕೆಳಗೆ. ಅಲ್ಲಿ ಪ್ರತಿ ಮರಕ್ಕೂ ನಾನು ಮೊದಲು ನಿನ್ನ ಎರಡನೇ ಗುಂಡಿ ನೆನೆಸಿಕೊಂಡು, ಅಲ್ಲಿಂದ ಕೈ ಕೆಳಗಿಳಿಸಬೇಕು. ಟೇಪನ್ನು ಒಯ್ಯುತ್ತಿದ್ದೇನೆ. ನಿನ್ನನ್ನು ಕೇಳದೆ ಒಯ್ಯಬಾರದು ಅಂತ ಈಗ ಕೇಳುತ್ತಿದ್ದೇನೆ. ಬೇಡ ಅಂದರೆ ಧಾರವಾಡಕ್ಕೆ ಪೋಸ್ಟ್ ಮಾಡುತ್ತೇನೆ.

ರೂಮಿನ ಅಡ್ವಾನ್ಸಿನಲ್ಲಿ ನನ್ನ ಪಾಲು ನಿನ್ನೆ ನಿನ್ನ ಖಾತೆಗೆ ಹಾಕಿದ್ದೇನೆ. ಇದು ಲೆಕ್ಕ ಚುಕ್ತಾ ಮಾಡೋಕೆ ಅಲ್ಲ. ನನ್ನಿಂದಾಗಿ ಇಬ್ಬರ ಬಾಡಿಗೆಯನ್ನು ನೀನೊಬ್ಬನೇ ಹೊರುವುದು ಬೇಡ, ಅಷ್ಟೇ. ಎರಡನೇ ಮಂಚಕ್ಕೆ ಯಾರಾದರೂ ಒಳ್ಳೆಯ ಓದುವ ಹುಡುಗ ಸಿಗಲಿ. ನನ್ನ ನೋಟ್ಸ್ ಎಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ ಕಳಿಸಿದ್ದೇನೆ. ಸಿಲ್ವಿಕಲ್ಚರ್ ಪುಸ್ತಕದ ಒಳಗೆ ಮದ್ದು ಸೊಪ್ಪಿನ ಆ ಎಲೆ ಇದೆ, ಜೋಪಾನ.

ಶನಿವಾರ ರಾತ್ರಿ ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸು. ಅಪ್ಪ ಅವ್ವ ಬಸ್ ಸ್ಟ್ಯಾಂಡಿನ ತನಕ ಬರುತ್ತಾರೆ. ಅವರು ಹೋದ ಮೇಲೆ ಬಸ್ಸಿನಲ್ಲಿ ಕೂತು ನಿನಗೆ ಫೋನ್ ಮಾಡುತ್ತೇನೆ. ಹತ್ತು ಗಂಟೆಯ ಹೊತ್ತಿಗೆ. ನೀನು ಬೈದರೂ ಸರಿ. ಸುಂಟಿಕೊಪ್ಪ ದಾಟುವ ತನಕ ಬೈ, ಕುಶಾಲನಗರದ ತನಕವೂ ಬೈ. ನಿನ್ನ ಮಾತಿನಲ್ಲೇ ಬೈ, ನಮ್ಮ ಕಡೆಯ ಮಾತಿನಲ್ಲಿ ಬೇಡ.

ಫೋನ್ ಎತ್ತು ಮಾರಾಯ.

ನಿನ್ನ,
ಲೋಕಲ್